ಗದ್ದುಗೆಯ ಪಕ್ಕದಲ್ಲಿಟ್ಟ ಡಬ್ಬಿ

ಆ ಕೋಣೆಯ ಗಾಳಿಯನ್ನು ವರ್ಷಗಟ್ಟಲೆ ಉಸಿರಾಡಿದವಳು ನನ್ನ ಸೋದರತ್ತೆ. ಗಾಳಿಕಿಂಡಿ ಮುಚ್ಚಿಸಿದ ಮಠದ ಸಮಿತಿಯವರಲ್ಲ. ಅವರು ಸೋಮವಾರ ಬಂದು, ಅಡ್ಡಬಿದ್ದು, ಹಣೆಯ ವಿಭೂತಿ ಒಣಗುವ ಮೊದಲೇ ಹೊರಗಿರುತ್ತಾರೆ.

ಮಠವಿರುವುದು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲೆಯ ದಂಡೆಯ ಮೇಲೆ. ಅದರ ನೆಲಮಾಳಿಗೆಯಲ್ಲಿ ಹಳೆಯ ಸ್ವಾಮಿಗಳೊಬ್ಬರ ಗದ್ದುಗೆ, ಅಂದರೆ ಸಮಾಧಿ. ಗೋಡೆ, ನೆಲ, ಸೂರು ಎಲ್ಲವೂ ಗ್ರಾನೈಟ್. ಅಲ್ಲಿಯ ದೀಪ ಎಂದೂ ಆರಬಾರದೆಂಬುದು ಕಟ್ಟಳೆ. ಅದಕ್ಕೆ ಎಣ್ಣೆ ಹೊಯ್ಯುತ್ತ, ಭಕ್ತರಿಗೆ ವಿಭೂತಿ ಕೊಡುತ್ತ ಬೆಳಗಿನಿಂದ ಸಂಜೆಯವರೆಗೆ ಒಳಗೇ ಕೂರುವುದು ಅತ್ತೆಯ ಕೆಲಸ. ಹೊಳೆಯ ಗಾಳಿಗೆ ದೀಪ ಹೊಯ್ದಾಡುತ್ತದೆಂದು ಸಮಿತಿಯು ಇದ್ದ ಒಂದೇ ಕಿಂಡಿಗೆ ಸಿಮೆಂಟ್ ಮೆತ್ತಿಸಿತು. ಜ್ವಾಲೆ ನೆಟ್ಟಗೆ ನಿಂತಿತು. ಅಧ್ಯಕ್ಷರು ಅದನ್ನು ಪವಾಡವೆಂದು ಘೋಷಿಸಿದರು.

ಕಲ್ಲಿನಲ್ಲೂ ಮಣ್ಣಿನಲ್ಲೂ ಇರುವ ಯುರೇನಿಯಂನಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡುವಲ್ಲಿ ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಬಂದು ಹೋಗುವವರಿಗೆ ಭಯವಿಲ್ಲ. ದಿನವಿಡೀ ಕೂರುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ.

ಇದನ್ನು ಹೇಳಿದಾಗ ಅತ್ತೆ ಬತ್ತಿ ಹೊಸೆಯುತ್ತಿದ್ದಳು.

"ಅಲ್ಲ ಕಣವ್ವ, ನಮ್ ಬುದ್ಧಿಯೋರು ಯಾವ್ ಕಾಲ್ದಿಂದ್ಲೋ ಇಲ್ಲೇ ಅವ್ರೆ. ಅವ್ರಿಗೇನಾಗದೆ?"

"ಅವ್ರು ಸತ್ತೋಗವ್ರೆ ಅತ್ತೆ."

"ಬಾಯ್ ಮುಚ್ಚು! ಲಿಂಗೈಕ್ಯರಾಗವ್ರೆ ಅನ್ನು."

"ಲಿಂಗೈಕ್ಯರಾದೋರು ಉಸ್ರಾಡಲ್ಲ ಕಣತ್ತೆ. ನೀನು ಉಸ್ರಾಡ್ತೀಯ."

"ಹೊರ್‌ಗಡೆ ಕುಂತ್ರೆ ಗದ್ದುಗೆ ಬುಟ್ಟೋದ್ಲು ಅಂತ ಕೆಲ್ಸದಿಂದ ತಗೀತಾರೆ. ಆಮ್ಯಾಕೆ ನೀನ್ ಬಂದು ಅನ್ನ ಇಕ್ಕೀಯಾ?"

ತಿ. ನರಸೀಪುರದಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ಗೆಳತಿ ರೇಡಾನ್ ಅಳೆಯುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ತಂದು ಗದ್ದುಗೆಯ ಪಕ್ಕದ ಗೂಡಿನಲ್ಲಿಟ್ಟಳು. ಕೆಲವು ತಿಂಗಳು ಅದನ್ನು ಮುಟ್ಟಬಾರದು, ಮುಖ್ಯವಾಗಿ ಅದರ ತೂತುಗಳನ್ನು ಮುಚ್ಚಬಾರದು ಎಂದು ಸಮಿತಿಗೆ ವಿವರಿಸಿದಳು. ಎಲ್ಲರೂ ಗೌರವದಿಂದ ತಲೆಯಾಡಿಸಿದರು. ಆದರೆ ಅದು ಗಂಟೆಗೂ ಹುಂಡಿಗೂ ಕರೆಂಟ್ ಮೀಟರಿಗೂ ವಿಭೂತಿ ಬಳಿಯುವ ಮಠ. ನಾವು ಮರಳಿ ಬಂದಾಗ ಡಬ್ಬಿಯ ತೂತುಗಳ ಮೇಲೆ ಮೂರು ದಪ್ಪ ಪಟ್ಟೆಗಳಿದ್ದವು, ಮೈಗೆ ರೇಷ್ಮೆ ವಸ್ತ್ರ, ನೆತ್ತಿಗೆ ಬಿಲ್ವಪತ್ರೆ.

"ಅಧ್ಯಕ್ಷರೇ ಬಳುದ್ರು ಕಣವ್ವ," ಎಂದಳು ಅತ್ತೆ. "'ಬೋಳು ಡಬ್ಬಿ ಬುದ್ಧಿಯೋರ್ ಪಕ್ಕ ಕುಂತದಲ್ಲ' ಅಂತ ನನ್ನೇ ಬೈದ್ರು. ಈಗ ಜನ ಅದ್ಕೂ ಕೈ ಮುಗೀತಾರೆ. ಒಬ್ಳು ಮಗಳ ಮದ್ವೆಗೆ ಹರ್ಕೆ ಹೊತ್ತವ್ಳೆ."

ಒಳಗೆ ಗಾಳಿ ಹೋಗದೆ ಅಳತೆ ಕೆಟ್ಟಿತ್ತು, ಡಬ್ಬಿ ಕಳಿಸಿದ ಪ್ರಯೋಗಾಲಯ ಯಾವ ಅಂಕಿಯನ್ನೂ ಕೊಡಲಿಲ್ಲ. ಅಧ್ಯಕ್ಷರು ಬೀಗಿದರು: "ನೋಡುದ್ರಾ, ಏನೂ ಸಿಕ್ನಿಲ್ಲ! ನಮ್ ಕ್ಷೇತ್ರದ ಮಹಿಮೆ ಕಣ್ರೀ."

"ಥರ್ಮಾಮೀಟರ್‌ನ ಮೊಸ್ರಲ್ಲಿಟ್ಟು ಜ್ವರ ಇಲ್ಲ ಅಂದಂಗಾಯ್ತು," ಎಂದೆ. ಅಂದಿನಿಂದ ನನಗೆ ಪ್ರಸಾದ ಸಿಕ್ಕಿಲ್ಲ.

ಆ ಕೋಣೆಯಲ್ಲಿ ರೇಡಾನ್ ಎಷ್ಟಿದೆಯೋ ನನಗೆ ತಿಳಿಯದು. ತಿಳಿಯದಂತೆ ಮಾಡಿದ್ದು ಒಂದು ಅನ್ಯಾಯ. ತಿಳಿಯದ ಅಪಾಯದ ನಡುವೆ ಕೂಲಿಯ ಹೆಂಗಸನ್ನು ಕೂರಿಸಿ ಅದಕ್ಕೆ ಸೇವೆಯೆಂದು ಹೆಸರಿಟ್ಟದ್ದು ಅದಕ್ಕಿಂತ ದೊಡ್ಡ ಅನ್ಯಾಯ. ಅತ್ತೆ ಇಂದೂ ಅಲ್ಲೇ ಕುಳಿತಿದ್ದಾಳೆ.

ಆದ್ದರಿಂದ ಸಮಿತಿಯ ಮಾನ್ಯರೇ, ಮುಂದಿನ ಸೋಮವಾರದ ಪೂಜೆಗೆ ಮೊದಲು ಆ ಕಿಂಡಿಯ ಸಿಮೆಂಟ್ ಒಡೆಸಿರಿ. ದೀಪಕ್ಕೆ ಗಾಜಿನ ಮರೆ ಸಾಕು. ನಾವು ತರುವ ಹೊಸ ಡಬ್ಬಿಗೆ ಬೇಕಾದರೆ ದೂರದಿಂದ ಕೈ ಮುಗಿಯಿರಿ, ಬಳಿಯಬೇಡಿರಿ. ಮತ್ತು ಅತ್ತೆಯ ಮಣೆಯನ್ನು ಅಂದೇ ಹೊರಜಗಲಿಗೆ ಹಾಕಿಸಿ, ಅವಳ ಕೆಲಸ ಹೋಗುವುದಿಲ್ಲವೆಂದು ಭಕ್ತರೆಲ್ಲರ ಎದುರು ನೀವೇ ಅವಳಿಗೆ ಹೇಳಿರಿ.