ಆಯ್ತು ಅಂದವರು ಯಾರು

ಬಾಳೆಗೊನೆಗೆ ಹಾರ್ಮೋನ್ ಹೊಡೆಯುವುದು ಅಭಿಷೇಕದಷ್ಟೇ ಮಡಿಯ ಕೆಲಸವೆಂದು ನನಗೆ ಗೊತ್ತಾದದ್ದು ಆದಿವಾಲದ ಬಾಮೈದನ ತೋಟದಲ್ಲಿ. ಅದರ ಪುಡಿ ನೇರವಾಗಿ ನೀರಿನಲ್ಲಿ ಕರಗುವುದಿಲ್ಲ. ಮೊದಲು ಸ್ಪಿರಿಟ್ಟಿನಲ್ಲಿ ಕದಡಿ, ಆಮೇಲೆ ಬಕೆಟ್ಟಿನ ನೀರಿಗೆ ಹನಿಹನಿಯಾಗಿ ಬಿಡಬೇಕು. ಬಾಮೈದ ಉಸಿರು ಬಿಗಿಹಿಡಿದು ಬಿಡುತ್ತಿದ್ದ. ನಾನು ಕೋಲಿನಿಂದ ತಿರುವುತ್ತ, ಮಂತ್ರ ಮರೆತ ಪುರೋಹಿತನಂತೆ ಗಂಭೀರವಾಗಿದ್ದೆ.

ಅವನಿಗೆ ಅದು ಮೊದಲ ಬೆಳೆ. ಗೊನೆ ಕೆಟ್ಟರೆ ಬಾಳೆಯನ್ನೇ ಕೀಳಿಸುತ್ತೇನೆಂದು ಅತ್ತೆಯವರು ಹೇಳಿಯಾಗಿತ್ತು. ಔಷಧಿ ಒಂದೇ ಗೊನೆಗೆ ಎರಡು ಸಲ ಬಿದ್ದರೆ ಕಾಯಿ ಸೀಳುತ್ತದೆ, ಬೀಳದಿದ್ದರೆ ತುಂಬುವುದಿಲ್ಲ ಎನ್ನುವುದು ಅವನ ಲೆಕ್ಕ. ಎಲೆಗಳ ನಡುವೆ ಒಬ್ಬರಿಗೊಬ್ಬರು ಕಾಣದ್ದರಿಂದ, ಸಾಲು ಮುಗಿದೊಡನೆ “ಆಯ್ತು” ಎಂದು ಕೂಗುವ ಕರಾರಾಗಿತ್ತು.

ಸಂಜೆ ಗಾಳಿ ನಿಂತಿತ್ತು. ಗೊನೆಗಳು ನಮ್ಮ ಮುಖದ ಮಟ್ಟಕ್ಕೆ ತಲೆ ತಗ್ಗಿಸಿದ್ದವು. ಹೊಡೆದು ಮುಂದೆ ಹೋದರೆ, ಹನಿ ತೊಟ್ಟಿಕ್ಕುವ ಸದ್ದು ಯಾರೋ ಹಿಂದೆಯೇ ನಡೆದು ಬಂದಂತೆ ಕೇಳುತ್ತಿತ್ತು. ಬೇಲಿ ಪಕ್ಕದ ಕೊನೆಯ ಸಾಲಿನಿಂದ “ಆಯ್ತು” ಎಂಬ ದನಿ ಬಂತು.

“ಹಂಗಾರೆ ಹೋಗಾಣ ನಡಿಯಲೇ,” ಎಂದೆ.

“ಎಲ್ಲಿಗ್ ಭಾವ? ಕೊನೇ ಸಾಲು ಹಂಗೇ ಐತೆ,” ಎಂದ ಬಾಮೈದ, ನನ್ನ ಬೆನ್ನ ಹಿಂದೆ. ತೊಟ್ಟಿಯ ಹತ್ತಿರದ ಬಕೆಟ್ಟಿನಿಂದ ಬೆನ್ನಿನ ಔಷಧಿ ಕ್ಯಾನ್ ತುಂಬಿಸಿಕೊಂಡು ಆಗಷ್ಟೇ ಬಂದಿದ್ದ.

“ನೀನೇ ಕೂಗಿದ್ಯಲ್ಲೋ!”

“ನಾನಾ? ಸ್ಪಿರಿಟ್ ಮೂಸಿ ಮೂಸಿ ನಿಮ್ಗೆ ಏರೈತೆ ಬಿಡ್ರಿ.”

ಹೋಗಿ ನೋಡಿದೆವು. ಬೇಲಿ ಸಾಲಿನ ಒಂದೊಂದು ಗೊನೆಯೂ ತೊಯ್ದಿತ್ತು. ಸ್ಪಿರಿಟ್ಟಿನ ವಾಸನೆಯೂ ಇತ್ತು. ನಾವಿಬ್ಬರೂ ಅತ್ತ ಸುಳಿದಿರಲಿಲ್ಲ, ತೋಟದಲ್ಲಿ ಮೂರನೆಯವರಿರಲಿಲ್ಲ. ಬಾಮೈದನ ನಗು ಇಂಗಿತು. ಕ್ಯಾನಿನ ನಾಜಲ್ ಎತ್ತಿದ, ಇಳಿಸಿದ. ಬೇಲಿಯ ಕಡೆ ತಿರುಗಿ, “ಆಯ್ತೇನ್ರಿ?” ಎಂದ. ಯಾರೆಂದು ತಿಳಿಯದವರಿಗೂ ಬಹುವಚನ ಕೊಡುವುದು ಆ ಮನೆಯ ಸಂಸ್ಕಾರ.



“ಇನ್ನೊಂದ್ಸಲ ಹೊಡೆದ್ರೆ ಸೀಳ್ತವೆ. ಆಯ್ತು ಅಂದ ಮಾತು ನಂಬಾಣ ಭಾವ,” ಎಂದು ಕ್ಯಾನಿನ ಬೆಲ್ಟು ಬಿಚ್ಚಿದ.

ಗೊನೆ ಬಲಿತಾಗ ಅತ್ತೆಯವರು ಬಂದು ತೋಟ ಸುತ್ತಿದರು. ನಾವು ಹೊಡೆದ ಸಾಲುಗಳಿಗೆ “ಪರವಾಗಿಲ್ಲ” ಎಂಬ ಪ್ರಶಸ್ತಿ ಸಿಕ್ಕಿತು. ಬೇಲಿ ಸಾಲಿನಲ್ಲಿ ಮಾತ್ರ ನಿಂತೇಬಿಟ್ಟರು. ಒಂದು ಕಾಯಿಯೂ ಸೀಳಿರಲಿಲ್ಲ, ಒಂದೂ ಬಡಕಲಾಗಿರಲಿಲ್ಲ.

“ಬಾಳೆ ಇರ್ಲಿ ಬಿಡು. ಇದ್ನ ಹೊಡೆದೋನು ಯಾರಪ್ಪ? ಬರೋ ಬೆಳೆಗೂ ಅವನ್ನೇ ಕರಿ.”

“ಕರೆದ್ರೆ ಬರ್ತಾನೆ ಕಣಮ್ಮ,” ಎಂದ ಬಾಮೈದ. “ಅದೇ ನನ್ ಭಯ.”