ಕಂಬಳಿ ಹೊತ್ತ ತಮ್ಮ

ಸೋಲಾಪುರದ ಟಾಕೀಸಿನ ಹೊರಗೆ ನಾನೂ ಗೆಳೆಯ ಶಿವ್ಯಾನೂ ಜಗಳಕ್ಕೇ ನಿಂತಿದ್ದೆವು. ಇಂಗ್ಲಿಷ್ ಚಿತ್ರಪುಸ್ತಕದ ಹಾರುವ ವೀರನ ಪಾತ್ರಕ್ಕೆ ಹೊಸ ನಟ ಬಂದಿದ್ದ. ಶಿವ್ಯಾಗೆ ಅವನೇ ಚಂದ.

“ಮೊದಲಿನಾಂವನ ಖರೆ! ಇಂವಗ ಬೆನ್ನಮ್ಯಾಲಿನ ಬಟ್ಟಿ ಸುದ್ದಾ ಒಪ್ಪಂಗಿಲ್ಲ” ಎಂದು ನಾನು ಕೂಗಾಡಿದೆ.

ನಮ್ಮ ಅಂಗಡಿಗೆ ಕಂಬಳಿ ತರುತ್ತಿದ್ದ ನಾಗಣಸೂರಿನ ಕುರುಬರ ಮುದುಕ ಅದೇ ಆಟ ನೋಡಿ ಹೊರಬಂದಿದ್ದ. ಮೆಲ್ಲಗೆ ನನ್ನ ಭುಜ ಹಿಡಿದ.

“ಸಾವಕಾರ್ರ, ನನ್ನ ಹಿರೇಮಗನ ಮೈಯಾಗ ಬೀರಪ್ಪ ಬರ್ತಿದ್ದ. ಅಂವ ತೀರಿಹೋದ ಮ್ಯಾಲೆ ದೇವರ ಕಂಬಳಿ ಸಣ್ಣಾಂವ ಹೊತ್ತಾನ. ಅಣ್ಣನಂಗ ಇಲ್ಲ ಅಂತ ಮಂದಿ ಇನ್ನೂ ಅಂತಾರ. ಅದು ಅವಗೂ ಗೊತ್ತೈತ್ರಿ.”

ಆಮೇಲಿನ ಅರವತ್ತು ವರ್ಷಗಳಲ್ಲಿ ಆ ವೀರನ ಪಾತ್ರಕ್ಕೆ ಎಷ್ಟೋ ಹೊಸಬರು ಬಂದರು. ಪ್ರತಿ ಸಲವೂ ನನಗೆ ಮೊದಲು ನೆನಪಾಗುವವನು, ನಾನು ಎಂದೂ ನೋಡದ ಆ ತಮ್ಮ.