ಅಮ್ಮ ಕೇಳಿದ ಚಳಿ

ಅಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ಎರಡನೆಯ ಮದುವೆ ಮಾಡಿಕೊಂಡಳು. ಹಲಸೂರಿನ ನಮ್ಮ ಮನೆಗೆ ಹತ್ತಿರವೇ ಇರುವ ಪುಟ್ಟ ಬುದ್ಧವಿಹಾರದಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಇಬ್ಬರೂ ಬಿಳಿ ಬಟ್ಟೆ ಉಟ್ಟಿದ್ದರು, ಮೇಣದ ಬತ್ತಿ ಹಚ್ಚಿದರು, ಭಂತೆಯವರು ಹೇಳಿಕೊಟ್ಟದ್ದನ್ನು ಹೇಳಿದರು. ಆಮೇಲೆ ಎಲ್ಲರಿಗೂ ಬಿರಿಯಾನಿ. ನಾನು ಬಡಿಸುವ ಕೆಲಸ ಹಿಡಿದುಕೊಂಡೆ. ಕೈಗೆ ಕೆಲಸವಿದ್ದರೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಅಮ್ಮ ಮದುವೆಯಾದವರು ಕೆ.ಆರ್. ಪುರದವರು. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು, ಮಕ್ಕಳಿಲ್ಲ. ಹಲಸೂರಿನಲ್ಲಿರುವ ತಂಗಿಯ ಮನೆಗೆ ಬಂದಾಗಲೆಲ್ಲ ಕೆರೆಯ ಸುತ್ತ ನಡೆಯುತ್ತಿದ್ದರಂತೆ. ಅಮ್ಮನೂ ಅಲ್ಲೇ ನಡೆಯುತ್ತಿದ್ದಳು. ಮದುವೆಯ ವಿಷಯ ಹೇಳಲು ಅವಳು ಕಮ್ಮನಹಳ್ಳಿಯ ನನ್ನ ಮನೆಗೇ ಬಂದಿದ್ದಳು. ಕಾಫಿ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, "ನಿನ್ನ ಪರ್ಮಿಷನ್ ಕೇಳ್ತಿಲ್ಲ. ಹೇಳ್ತಿದೀನಿ ಅಷ್ಟೇ," ಅಂದಳು.

ನಾನು ಬೇಡ ಅನ್ನಲಿಲ್ಲ. ಸಂತೋಷ ಅಂತಲೂ ಅನ್ನಲಿಲ್ಲ. ಅಪ್ಪ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಶಿವಾಜಿನಗರದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಮನುಷ್ಯ. ಅಮ್ಮ ಆಮೇಲೆ ಲಿಂಗರಾಜಪುರದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತ ನನ್ನನ್ನು ಓದಿಸಿದಳು. ಅಷ್ಟು ವರ್ಷ ನಮ್ಮಿಬ್ಬರ ನಡುವೆ ಮೂರನೆಯವರಿಗೆ ಜಾಗವೇ ಇರಲಿಲ್ಲ. ಈಗ ಬಂದವರನ್ನು ಏನೆಂದು ಕರೆಯಬೇಕು ಅನ್ನುವುದೇ ನನಗೆ ತೋಚಲಿಲ್ಲ. ಅಪ್ಪ ಅನ್ನಲು ಬಾಯಿ ಬರದು, ಅಂಕಲ್ ಅಂದರೆ ನಗೆಪಾಟಲು. ನನ್ನ ಏಳು ವರ್ಷದ ಮಗಳು ಮಾತ್ರ ಮೊದಲ ದಿನವೇ ತಾತ ಅಂದು ತೊಡೆಯೇರಿ ಕೂತಳು.

ಮದುವೆಗೆ ಏನು ಕೊಡಿಸಲಿ ಎಂದು ಅವರು ಅಮ್ಮನನ್ನು ಕೇಳಿದ್ದರಂತೆ. ಹಲಸೂರಿನ ನಮ್ಮ ಮನೆಯದು ಶೀಟಿನ ಸೂರು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಒಳಗೆ ಕೂತು ಹೊಲಿಯುವುದೆಂದರೆ ಒಲೆಯ ಪಕ್ಕ ಕೂತ ಹಾಗೆ. ಅಮ್ಮ ಸೀರೆಯನ್ನೂ ಕೇಳಲಿಲ್ಲ, ಬಳೆಯನ್ನೂ ಕೇಳಲಿಲ್ಲ. ಮೇ ತಿಂಗಳಲ್ಲಿ ಮೈ ನಡುಗುವಂಥ ಕಡೆಗೆ ಒಮ್ಮೆ ಕರೆದುಕೊಂಡು ಹೋಗಿ ಅಂದಳು. ಅವರು ಕೂಡಲೇ ಒಪ್ಪಿ, ಆದರೆ ಮಗಳು ಮೊಮ್ಮಗಳು ಜೊತೆಗೆ ಬಂದರೆ ಮಾತ್ರ ಅಂದರಂತೆ. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ನೀನು ಹೋಗು, ನಿಮ್ಮಮ್ಮ ಬಾಯಿಬಿಟ್ಟು ಏನಾದರೂ ಕೇಳಿದ್ದು ಇದೇ ಮೊದಲಲ್ಲವೇ ಎಂದು ಅವನು ನನ್ನನ್ನು ಹೊರಡಿಸಿದ.

ಹಾಗೆ ನಾವು ನಾಲ್ವರು ಶ್ರೀನಗರದಲ್ಲಿ ಇಳಿದು ಗುಲ್ಮಾರ್ಗಿಗೆ ಹೋದೆವು. ಕೆಳಗಿನ ಹುಲ್ಲುಗಾವಲು ಹಸಿರಾಗಿತ್ತು. ತಲೆಯೆತ್ತಿದರೆ ಬೆಟ್ಟದ ನೆತ್ತಿಯಲ್ಲಿ ಬೇಸಿಗೆಗೂ ಜಗ್ಗದ ಹಿಮ. ಅಲ್ಲಿಗೆ ಹೋಗುವುದು ಕೇಬಲ್ ಕಾರಿನಲ್ಲಿ, ಎರಡು ಹಂತಗಳಲ್ಲಿ. ಬಾಡಿಗೆಗೆ ಕೊಟ್ಟ ಗಂಬೂಟು, ದಪ್ಪ ಕೋಟು ಹಾಕಿಕೊಂಡು ಅಮ್ಮ ಗುರುತೇ ಸಿಗದ ಹಾಗೆ ಆಗಿದ್ದಳು. ಕೋಟಿನ ತೋಳು ತಿರುಗಿಸಿ ಒಳಗಿನ ಹೊಲಿಗೆ ನೋಡಿ, ಯಾರೋ ಅವಸರದಲ್ಲಿ ಹೊಲಿದಿದ್ದಾರೆ ಎಂದು ಮೂಗು ಮುರಿದಳು.

ಮೊದಲ ಹಂತದ ಡಬ್ಬಿ ಹೊರಟು ನೆಲ ಬಿಟ್ಟ ಕೂಡಲೇ ಅವರು ಕಣ್ಣು ಮುಚ್ಚಿಕೊಂಡರು. ಕೆಳಗೆ ದೇವದಾರು ಮರಗಳ ತುದಿಗಳು, ಕುರಿ ಕಾಯುವವರ ಮಣ್ಣಿನ ಗುಡಿಸಲುಗಳು ಜಾರುತ್ತಿದ್ದವು. ಮಗಳು ಒಂದೊಂದನ್ನೂ ತೋರಿಸಿ, ತಾತ ನೋಡು, ತಾತ ನೋಡು ಅನ್ನುತ್ತಿದ್ದಳು. ಅವರು ನೋಡಿದೆ ಕಂದ, ಚೆನ್ನಾಗಿದೆ ಅನ್ನುತ್ತಿದ್ದರು, ಕಣ್ಣು ತೆರೆಯದೆ. ಮಧ್ಯದ ನಿಲ್ದಾಣದಲ್ಲಿ ಇಳಿದಾಗ ಅವರ ಹಣೆಯಲ್ಲಿ ಬೆವರು.

"ನಂಗೆ ಎತ್ತರ ಅಂದ್ರೆ ಆಗಲ್ಲಮ್ಮ," ಎಂದು ನನಗೆ ಹೇಳಿದರು, ಅಮ್ಮನಿಗಲ್ಲ. "ಫ್ಯಾಕ್ಟರಿಲೂ ಏಣಿ ಹತ್ತೋ ಕೆಲ್ಸ ಬಂದ್ರೆ ಬೇರೆಯವ್ರನ್ನ ಕಳಿಸ್ತಿದ್ದೆ. ನೀವು ಹೋಗ್ಬನ್ನಿ. ಅವ್ಳು ಆಸೆ ಪಟ್ಟಿದ್ದಾಳೆ."

ಅಮ್ಮ ತಾನೂ ಉಳಿಯುತ್ತೇನೆ ಅಂದಳು. ಅವರು ಬಿಡಲಿಲ್ಲ. ಅಲ್ಲಿದ್ದ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ನಮಗೆ ಕೈ ಬೀಸಿದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಿತವಾಯಿತು. ಮತ್ತೆ ನಾನು, ಅಮ್ಮ, ಮಗಳು, ಅಷ್ಟೇ.

ಮೇಲೆ ಹಿಮ ನಾನು ಚಿತ್ರಗಳಲ್ಲಿ ನೋಡಿದಷ್ಟು ಬೆಳ್ಳಗಿರಲಿಲ್ಲ. ಜನ ತುಳಿದ ಕಡೆ ಬೂದಿ ಬಣ್ಣ, ಅಂಚುಗಳಲ್ಲಿ ಕೆಸರು. ಸ್ವಲ್ಪ ದೂರ ನಡೆದ ಮೇಲೆ ಮಾತ್ರ ಒಂದೇ ಸಮನೆ ಬಿಳುಪು, ಕಣ್ಣು ಕುಕ್ಕುವಂಥದ್ದು. ಅಮ್ಮ ಬಗ್ಗಿ ಒಂದು ಹಿಡಿ ಎತ್ತಿಕೊಂಡು ಎರಡೂ ಕೆನ್ನೆಗೆ ಒತ್ತಿಕೊಂಡಳು. ನೀರು ಕೊರಳಿಗಿಳಿದು ಕೋಟಿನೊಳಗೆ ಹೋಯಿತು. ಅವಳು ಒರೆಸಿಕೊಳ್ಳಲೂ ಇಲ್ಲ. ಮಗಳು ಜಾರಿ ಬೀಳುತ್ತ, ಏಳುತ್ತ, ಮತ್ತೆ ಬೇಕೆಂದೇ ಬೀಳುತ್ತ ಆಡುತ್ತಿದ್ದಳು. ನಾವಿಬ್ಬರೂ ಒಂದು ಒಣ ಬಂಡೆಯ ಮೇಲೆ ಕೂತೆವು.

ಅಮ್ಮ ತಾನಾಗಿಯೇ ಮಾತು ತೆಗೆದಳು. "ನಿಮ್ಮಪ್ಪನ್ನ ಮರೆತು ಮದ್ವೆ ಆದೆ ಅಂದ್ಕೊಂಡಿದೀಯ. ಮರ್ತಿಲ್ಲ. ಸಾಯಂಕಾಲ ಲೈಟ್ ಹಾಕಿದ್ಮೇಲೆ ಮಾತಾಡೋಕೆ ಒಬ್ರು ಬೇಕು ಅನ್ನಿಸ್ತು. ನೀನು ದಿನಾ ಫೋನ್ ಮಾಡ್ತಿದ್ದೆ, ಇಲ್ಲ ಅನ್ನಲ್ಲ. ಫೋನ್ ಇಟ್ಮೇಲೆ ಮನೆ ಇನ್ನೂ ದೊಡ್ಡದಾಗ್ತಿತ್ತು."

ಎರಡು ಕೋಣೆಯ ಮನೆ ಅದು. ಅದು ಯಾರಿಗಾದರೂ ದೊಡ್ಡದಾಗಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಅವಳ ಒದ್ದೆ ಕೈಯನ್ನು ನನ್ನ ಕೋಟಿನ ಜೇಬಿನೊಳಗೆ ಇಟ್ಟುಕೊಂಡೆ.

ಅಷ್ಟರಲ್ಲಿ ಗಾಳಿ ಎದ್ದಿತು. ಮೊದಲು ತೆಳ್ಳಗೆ, ಆಮೇಲೆ ಹಿಮದ ಪುಡಿಯನ್ನು ಮುಖಕ್ಕೆ ಎರಚುವ ಹಾಗೆ. ಗಾಳಿ ತಗ್ಗುವವರೆಗೆ ಕೇಬಲ್ ಕಾರು ಓಡುವುದಿಲ್ಲ ಎಂದು ನಿಲ್ದಾಣದವರು ಕೂಗಿ ಹೇಳಿದರು. ಎಲ್ಲರೂ ಒಳಗೆ ನುಗ್ಗಿ ಗೋಡೆಗೆ ಒರಗಿ ನಿಂತರು. ಆಗಲೇ ಅಮ್ಮನ ಎದೆಯಿಂದ ನನಗೆ ಪರಿಚಯವಿದ್ದ ಆ ಸಿಳ್ಳೆಯಂಥ ಸದ್ದು ಬರತೊಡಗಿತು. ಅವಳಿಗೆ ಹಳೆಯ ಉಬ್ಬಸ. ವರ್ಷದಿಂದ ಹತೋಟಿಯಲ್ಲಿತ್ತು. ಹೊರಡುವ ಮುಂಚೆ ಡಾಕ್ಟರು ಹೋಗಬಹುದು, ಇನ್ಹೇಲರ್ ಮಾತ್ರ ಬಿಡಬೇಡಿ ಅಂದಿದ್ದರು. ನಾನು ಕೈಚೀಲ ತಡಕಿದೆ. ಇರಲಿಲ್ಲ. ಈಗ ಕೆಳಗೆ ಬೆಂಚಿನ ಮೇಲೆ ಕೂತಿದ್ದ ಅವರೇ ಬೆಳಿಗ್ಗೆ ಅದನ್ನು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡದ್ದು ಆಗ ನೆನಪಾಯಿತು.

ಫೋನಿಗೆ ಸಿಗ್ನಲ್ ಇರಲಿಲ್ಲ. ಅಲ್ಲಿನ ಸಿಬ್ಬಂದಿಯೊಬ್ಬರು ತಮ್ಮ ಕುರ್ಚಿ ಕೊಟ್ಟು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿದರು. ಕೆಳಗಿನವರಿಗೆ ವಯರ್‌ಲೆಸ್‌ನಲ್ಲಿ ವಿಷಯ ತಿಳಿಸುತ್ತೇನೆ ಅಂದರು. ಅಮ್ಮ ಮುಂದಕ್ಕೆ ಬಾಗಿ, ಮೊಣಕಾಲು ಹಿಡಿದು, ಒಂದೊಂದೇ ಉಸಿರು ಎಳೆಯುತ್ತಿದ್ದಳು. ನಾನು ಬೆನ್ನು ನೀವುತ್ತಿದ್ದೆ. ಮಗಳು ಆಟ ಮರೆತು ಅಜ್ಜಿಯ ಬೂಟನ್ನೇ ಹಿಡಿದು ಕೂತಿದ್ದಳು.

ಗಾಳಿ ಸ್ವಲ್ಪ ಇಳಿದು ಕೇಬಲ್ ಮತ್ತೆ ಚಲಿಸಿದಾಗ ಜನರೆಲ್ಲ ಇಳಿಯುವ ಕಡೆಗೆ ನುಗ್ಗಿದರು. ಕೆಳಗಿನಿಂದ ಬರುತ್ತಿದ್ದ ಡಬ್ಬಿಗಳು ಖಾಲಿ. ಒಂದು ಖಾಲಿ, ಇನ್ನೊಂದು ಖಾಲಿ. ಮತ್ತೊಂದರಲ್ಲಿ ಒಬ್ಬರೇ ಕೂತಿದ್ದರು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಬಾಗಿಲು ತೆರೆದರೂ ಅವರಿಗೆ ಗೊತ್ತಾಗಲಿಲ್ಲ. ಮಗಳು "ತಾತಾ" ಎಂದು ಕೂಗಿದಳು. ಸಾಲಿನಲ್ಲಿದ್ದ ಇನ್ನೂ ಇಬ್ಬರು ಮುದುಕರು ತಿರುಗಿ ನೋಡಿದರು. ನಾನು ಕೂಗಲು ಹೋಗದೆ ಓಡಿಹೋಗಿ ಅವರ ಕೈ ಹಿಡಿದು ಹೊರಗೆಳೆದೆ. ಆ ಕೈ ಹಿಮಕ್ಕಿಂತ ತಣ್ಣಗಿತ್ತು. ಇನ್ನೊಂದು ಕೈ ಆಗಲೇ ಜೇಬಿನಲ್ಲಿತ್ತು.

"ಎಲ್ಲವ್ಳೆ?" ಅಂದರು, ಅಷ್ಟೇ.

ಇನ್ಹೇಲರ್ ಎಳೆದುಕೊಂಡ ಮೇಲೆ ಅಮ್ಮನ ಉಸಿರು ಮೆಲ್ಲಗೆ ತಹಬದಿಗೆ ಬಂತು. ತುಟಿಗೆ ಬಣ್ಣ ಮರಳಿತು. ಅವಳು ಮೊದಲು ಹೇಳಿದ್ದು, ಹೆದರಿಕೆ ಇಟ್ಟುಕೊಂಡು ಯಾಕೆ ಬಂದಿರಿ ಎಂದು. ಅವರು ಅವಳ ಮಫ್ಲರ್ ಸರಿಮಾಡಿದರು. ವಯರ್‌ಲೆಸ್‌ನಲ್ಲಿ ಸುದ್ದಿ ಬಂದಾಗ ಅವರು, ಅದು ನನ್ನ ಹೆಂಡತಿ ಎಂದು ಕೆಳಗಿನ ನಿಲ್ದಾಣದವರ ಮುಂದೆ ತಮಗೆ ಬರುವಷ್ಟು ಹಿಂದಿಯಲ್ಲೇ ವಾದಿಸಿ, ಕೇಬಲ್ ಓಡತೊಡಗಿದ ಕೂಡಲೇ ಎದುರಿಗೆ ಬಂದ ಡಬ್ಬಿ ಹತ್ತಿದ್ದರಂತೆ. ಇದನ್ನು ನಾನು ಆಮೇಲೆ ತಿಳಿದುಕೊಂಡೆ, ಅವರಿಂದಲ್ಲ, ಚಹಾ ಅಂಗಡಿಯವನಿಂದ.

ಬಂದದ್ದಾಯಿತಲ್ಲ ಎಂದು ಮಗಳು ಅವರನ್ನು ಬಾಗಿಲಾಚೆ ಎಳೆದುಕೊಂಡು ಹೋದಳು. ಅವರು ಬೆಟ್ಟದ ಕಡೆ ಮುಖ ಮಾಡಿ, ಕಣಿವೆಗೆ ಬೆನ್ನು ಹಾಕಿ, ಒಂದು ಸಣ್ಣ ಹಿಮದ ಉಂಡೆ ಮಾಡಿ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಅವರ ಮೇಲೇ ಎಸೆದಳು. ಒಳಗಿನ ಕುರ್ಚಿಯಲ್ಲಿ ಕೂತಿದ್ದ ಅಮ್ಮ ನಕ್ಕಳು, ಆ ನಗುವಿಗೆ ಕೆಮ್ಮು ಬಂತು, ನಾನು ಗದರಿದೆ.

ಇಳಿಯುವಾಗ ನಾನೇ ಅವರ ಪಕ್ಕದಲ್ಲಿ ಕೂತೆ. ಗಾಳಿಗೆ ಡಬ್ಬಿ ತೂಗಿದಾಗಲೆಲ್ಲ ಅವರು ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಸಾರಿ ಅನ್ನುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಹಿಡಿಯುತ್ತಿದ್ದರು. "ಹಿಡ್ಕೊಂಡೇ ಇರಿ, ಪರವಾಗಿಲ್ಲ," ಅಂದೆ. ಆಮೇಲೆ ಬಿಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಶ್ರೀನಗರದಲ್ಲಿ ಅಮ್ಮ, ಮಗಳು ಇಬ್ಬರೂ ಇನ್ನೂ ಮಲಗಿದ್ದರು. ನಾನು ಹೊರಗೆ ಬಂದಾಗ ಅವರು ಬೂಟು ಕಟ್ಟಿಕೊಳ್ಳುತ್ತಿದ್ದರು. ಜೊತೆಗೆ ನಡೆದೆ. ಸರೋವರದ ದಂಡೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಅವರು, "ನಿಮ್ಮಪ್ಪ ಹೆಂಗಿದ್ರಮ್ಮ?" ಎಂದು ಕೇಳಿದರು. ಎಷ್ಟೋ ವರ್ಷದಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸತ್ತವರ ಬಗ್ಗೆ ಕೇಳಿದರೆ ನೋವಾದೀತೆಂದು ಎಲ್ಲರೂ ಸುಮ್ಮನಿದ್ದುಬಿಡುತ್ತಾರೆ. ಅಪ್ಪ ಹೊಲಿಗೆ ಯಂತ್ರಗಳ ಜೊತೆ ಶಿವಾಜಿನಗರದ ದಖ್ಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದುದನ್ನು ಹೇಳಿದೆ. ರಂಜಾನಿನ ಸಂಜೆಗಳಲ್ಲಿ ಅಂಗಡಿ ಮುಚ್ಚಿ ನನಗೆ ಸಮೋಸ ಕಟ್ಟಿಸಿಕೊಂಡು ಬರುತ್ತಿದ್ದುದನ್ನು ಹೇಳಿದೆ. ಅವರು ನಡುನಡುವೆ ನಿಂತು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಿದ್ದರು. ದಾರಿ ತಪ್ಪಿದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಅಮ್ಮನೇ ಫೋನ್ ಮಾಡಿ, ಇಬ್ಬರೂ ಎಲ್ಲಿ ಹೋದಿರಿ, ತಿಂಡಿ ಆರುತ್ತಿದೆ ಎಂದು ರೇಗಿದಳು. ನಾವು ಅಲ್ಲಿದ್ದ ಹೂವಿನ ದೋಣಿಯವನನ್ನು ದಾರಿ ಕೇಳಿ ವಾಪಸು ಹೊರಟೆವು.